ಎರಡನೆಯ ಕಂಟ್ರೋಲರ್

ಪ್ರೀತಿಯ ಅಣ್ಣನಿಗೆ,

ಎದುರಾಳಿ ಕಂಪನಿ ಗೇಮ್ ಕನ್ಸೋಲಿನ ಬೆಲೆ ಇಳಿಸಿದ ಮೇಲೆ ನಾವೂ ಇಳಿಸಲೇಬೇಕು, ಒಪ್ಪಿದೆ. ಆದರೆ ಅದಕ್ಕಾಗಿ ಪೆಟ್ಟಿಗೆಯಿಂದ ಎರಡನೆಯ ಕಂಟ್ರೋಲರ್ ತೆಗೆಯಲು ನೀನು ಹೊರಡಿಸಿದ ಆದೇಶಕ್ಕೆ ನಾನು ಸಹಿ ಹಾಕುವುದಿಲ್ಲ.

"ಬೇಕಾದವರು ಬೇರೆ ಕೊಂಡುಕೊಳ್ತಾರೆ ಬಿಡು" ಅಂದೆಯಲ್ಲ, ನಮ್ಮಪ್ಪ ಕೊಡಿಸಿದರೇ? ಚಿಕ್ಕವರಿದ್ದಾಗ ಮನೆಯಲ್ಲಿದ್ದ ಒಂದೇ ಕಂಟ್ರೋಲರ್ ಹಿಡಿದು ಮೂರು ವರ್ಷ ನೀನೇ ಆಡಿದೆ. ನಾನು ಪಕ್ಕದಲ್ಲಿ ಕೂತು "ಎಡಕ್ಕೆ, ಎಡಕ್ಕೆ" ಅಂತ ಕೂಗಿದೆ. "ಇದೊಂದು ಆಟ, ಆಮೇಲೆ ನಿಂಗೆ" ಅಂತ ನೀನು ದಿನಾ ಮೂಗಿಗೆ ತುಪ್ಪ ಸವರಿದೆ.

ಲೋಹದ ಕವಚದ ಬದಲು ಪ್ಲಾಸ್ಟಿಕ್ ಹಾಕಿಸಿದ್ದೇನೆ. ಎರಡೂ ಕಂಟ್ರೋಲರ್ ಉಳಿಸಿಕೊಂಡು, ಎದುರಾಳಿಯ ಬೆಲೆಗೇ ಕೊಡಬಹುದು. ಮಾದರಿ ನಿನ್ನ ಮೇಜಿನ ಮೇಲಿದೆ. ನಾಳೆ ಅದನ್ನೇ ಪ್ರಕಟಿಸು.

ಒಪ್ಪದಿದ್ದರೆ ಸೋಮವಾರದಿಂದ ನನ್ನ ಜಾಗಕ್ಕೆ ಬೇರೆಯವರನ್ನು ನೋಡಿಕೋ. ಭಾನುವಾರ ಊಟಕ್ಕಂತೂ ಹೇಗಿದ್ದರೂ ಬರುತ್ತೇನೆ, ಅತ್ತಿಗೆಗೆ ಹೇಳಿಡು.

ನಿನ್ನ ತಂಗಿ,
ಸದ್ಯಕ್ಕೆ ವಿನ್ಯಾಸ ವಿಭಾಗದ ಮುಖ್ಯಸ್ಥೆ