ಹೊಸ ಕಾದಂಬರಿ ಬಂತು, ಓದುವ ವಯಸ್ಸು ಹೋಯಿತು

ಮಕ್ಕಳ ಪುಸ್ತಕಗಳ ಆಯ್ಕೆ ವಿಭಾಗದ ಮಾನ್ಯ ಅಧಿಕಾರಿಗಳೇ,

ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ನಾನು ಶಿಫಾರಸು ಮಾಡಿದ್ದ ಒಂದು ಹೊಸ ಕಾದಂಬರಿಗೆ ಕಳೆದ ತಿಂಗಳು ತಮ್ಮ ಒಪ್ಪಿಗೆ ಬಂತು. ಮುದ್ರೆ ಬಹಳ ಚೆನ್ನಾಗಿ ಮೂಡಿದೆ. ಶಿಫಾರಸು ಕಳಿಸಿದಾಗ ಆ ಪುಸ್ತಕಕ್ಕಾಗಿ ಕಾಯುತ್ತಿದ್ದ ಹುಡುಗಿಗೆ ಒಂಬತ್ತೂವರೆ ವರ್ಷ. ಒಪ್ಪಿಗೆ ಬಂದಾಗ ಅವಳಿಗೆ ಹದಿಮೂರು ದಾಟಿತ್ತು. ಇದರಲ್ಲಿ ಏನೋ ತಪ್ಪಿದೆ ಎಂದು ಈ ವರ್ಷಗಳಲ್ಲಿ ತಮಗೆ ಆರು ಸಲ ಬರೆದೆ, ಉತ್ತರವಿಲ್ಲ. ಈಗ ಏಳನೆಯದನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ತಮ್ಮ ನಮೂನೆಯ ಏಳನೆಯ ನಿಯಮವನ್ನು ಓದುಗರಿಗೂ ತಿಳಿಸಿಬಿಡುತ್ತೇನೆ. ಹೊಸ ಪುಸ್ತಕದ ಮಾದರಿ ಪ್ರತಿ ಬಂದೊಡನೆ ಗ್ರಂಥಪಾಲಕರು ಅದರ ಮೊದಲ ಅಧ್ಯಾಯವನ್ನು ಒಂದು ಮಗುವಿಗೆ ಗಟ್ಟಿಯಾಗಿ ಓದಿ ಹೇಳತಕ್ಕದ್ದು, ಮಗುವಿನ ಪ್ರತಿಕ್ರಿಯೆಯನ್ನು ದಾಖಲಿಸತಕ್ಕದ್ದು, ಆಮೇಲೆ ಒಪ್ಪಿಗೆ ಬರುವ ತನಕ ಪ್ರತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕತಕ್ಕದ್ದು. ಯಾರಿಗೂ ಓದಲು ಕೊಡತಕ್ಕದ್ದಲ್ಲ. ಇದನ್ನು ಬರೆದ ಮಹನೀಯರಿಗೆ ಮನೆಯಲ್ಲಿ ಮಕ್ಕಳಿದ್ದಾರೆಯೇ? ಹಸಿದ ಮಗುವಿನ ಬಾಯಿಗೆ ಒಂದು ತುತ್ತು ಇಟ್ಟು, ತಟ್ಟೆ ಎತ್ತಿಟ್ಟು, ರುಚಿ ಹೇಗಿತ್ತು ಬರೆದುಕೊಡು ಅನ್ನುವುದು ಯಾವ ಸೀಮೆಯ ನ್ಯಾಯ?

ಆ ಹುಡುಗಿಯನ್ನು ನಾವು ಪ್ರೀತಿಯಿಂದ ‘ಪ್ರಶ್ನೆಪತ್ರಿಕೆ’ ಅನ್ನುತ್ತಿದ್ದೆವು. ಬೀದಿಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸಿನ ದೊಡ್ಡ ಮಗಳು. ಶನಿವಾರ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಮಕ್ಕಳ ಕೋಣೆಯಲ್ಲಿದ್ದ ಕಾದಂಬರಿಗಳನ್ನೆಲ್ಲ ಎರಡೆರಡು ಸಲ ಓದಿ ಮುಗಿಸಿದ್ದಳು. ಅವಳ ತಾಯಿ ಚಿಕ್ಕವಳಿದ್ದಾಗ ಓದಿದ್ದೂ ಅವೇ ಪುಸ್ತಕಗಳನ್ನು. ನಮ್ಮ ಬೀದಿಯ ಪುಸ್ತಕದಂಗಡಿಯಲ್ಲಿ ಗೈಡು, ನೋಟ್‌ಬುಕ್ಕು ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಏಳನೆಯ ನಿಯಮದಂತೆ ಅವಳನ್ನು ಎದುರಿಗೆ ಕೂರಿಸಿಕೊಂಡು ಓದಿದೆ. ಲಿಫ್ಟ್ ರಿಪೇರಿಯವನ ಮಗಳೊಬ್ಬಳು ಅಪ್ಪನ ಚೀಲದಿಂದ ಒಂದು ಹಳೆಯ ಗುಂಡಿ ತೆಗೆದು ಲಿಫ್ಟಿಗೆ ಕೂರಿಸುತ್ತಾಳೆ. ಆರು ಮಹಡಿಯ ಕಟ್ಟಡದಲ್ಲಿ ಲಿಫ್ಟು ಏಳನೆಯದಕ್ಕೆ ಹೋಗಿ ನಿಲ್ಲುತ್ತದೆ. ಬಾಗಿಲು ನಿಧಾನಕ್ಕೆ ಸರಿಯುತ್ತದೆ. ಅಲ್ಲಿಗೆ ಮೊದಲ ಅಧ್ಯಾಯ ಮುಗಿಯಿತು. ನಾನು ಪುಸ್ತಕ ಮುಚ್ಚಿದೆ.

“ಬಾಗಿಲು ತೆಗೆದಾಗ ಏನಿತ್ತು ಮಿಸ್?” ಅಂದಳು.

ನಾನು ನಮೂನೆಯಲ್ಲಿ ಅದನ್ನೇ ಬರೆದೆ. ಹನ್ನೊಂದು ತಿಂಗಳ ನಂತರ ಕಡತ ವಾಪಸು ಬಂತು: ‘ಮಗುವಿನ ಪ್ರತಿಕ್ರಿಯೆ ತೃಪ್ತಿಕರವೋ ಅತೃಪ್ತಿಕರವೋ ಸ್ಪಷ್ಟವಿಲ್ಲ.’ ತೃಪ್ತಿಕರ ಎಂದು ತಿದ್ದಿ ಕಳಿಸಿದೆ. ಆಮೇಲೆ ತಮಗೆ ಸುರಕ್ಷತೆಯ ಚಿಂತೆ ಹತ್ತಿತು, ಲಿಫ್ಟ್ ತಪಾಸಣೆ ಮಾಡುವ ಇಲಾಖೆಯ ಅಭಿಪ್ರಾಯ ಕೇಳಿದಿರಿ. ಅವರು ಒಂದೂಕಾಲು ವರ್ಷ ಕೂಲಂಕಷವಾಗಿ ಯೋಚಿಸಿ, ‘ಅಂಥ ಮಹಡಿ ನಮ್ಮ ದಾಖಲೆಯಲ್ಲಿಲ್ಲ’ ಎಂದು ಉತ್ತರಿಸಿದರು. ಕಟ್ಟುಕಥೆಯಲ್ಲಿ ಇರುವುದು ದಾಖಲೆಯಲ್ಲಿ ಇರುವುದಿಲ್ಲ ಎಂದು ತಿಳಿಯಲು ಎರಡು ಇಲಾಖೆ ಬೇಕಾಯಿತೇ? ಉಳಿದ ಕಾಲ ಕಡತ ಯಾವ ಮೇಜಿನ ಮೇಲೆ ಮಲಗಿತ್ತೋ ನನಗೆ ತಿಳಿಯದು. ಫೋನ್ ಮಾಡಿದಾಗಲೆಲ್ಲ ತಮ್ಮ ಗುಮಾಸ್ತರು, “ನಡೀತಾ ಇದೆ ಮೇಡಂ, ಎಲ್ಲೂ ಹೋಗಲ್ಲ ಬಿಡಿ” ಅನ್ನುತ್ತಿದ್ದರು. ಎಲ್ಲೂ ಹೋಗಲಿಲ್ಲ, ಆ ಮಾತು ಮಾತ್ರ ನಿಜ.

ಹುಡುಗಿ ಏಳು ತಿಂಗಳು ತಪ್ಪದೆ ಪ್ರತಿ ಶನಿವಾರ ಬಂದು ಕೇಳಿದಳು. ನೋಡಲಾರದೆ ಒಮ್ಮೆ, “ಬಾರೇ, ಮುಂದಿನ ಕಥೆ ಬಾಯಲ್ಲೇ ಹೇಳಿಬಿಡ್ತೀನಿ” ಅಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡು, “ಬೇಡ ಮಿಸ್, ಹೇಳಬೇಡಿ. ನಾನೇ ಓದ್ತೀನಿ” ಅಂದಳು. ಎಂಟನೆಯ ತಿಂಗಳು ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ.

ಕಳೆದ ತಿಂಗಳು ತಮ್ಮ ಒಪ್ಪಿಗೆ ಬಂದ ದಿನವೇ ಪುಸ್ತಕ ಹಿಡಿದುಕೊಂಡು ಇಸ್ತ್ರಿ ಅಂಗಡಿಗೆ ಹೋದೆ. ಅವಳು ಬಟ್ಟೆಗಂಟಿನ ಪಕ್ಕ ಕೂತು ಟ್ಯೂಷನ್ ನೋಟ್ಸು ಓದುತ್ತಿದ್ದಳು. ಉದ್ದವಾಗಿದ್ದಾಳೆ, ದನಿ ಬದಲಾಗಿದೆ. ರಟ್ಟು ನೋಡಿ, “ಚಿಕ್ಕ ಮಕ್ಕಳದು ಅಲ್ವಾ ಮಿಸ್ ಇದು?” ಅಂದಳು. ನನಗೆ ಬೇಜಾರಾಗಬಾರದು ಅಂತಲೋ ಏನೋ ನಾಲ್ಕು ಹಾಳೆ ಮಗುಚಿದಳು. ಆಮೇಲೆ ಹೇಳಿದಳು, “ಈಗ ಹೇಳಿಬಿಡಿ ಮಿಸ್, ಬಾಗಿಲು ತೆಗೆದಾಗ ಏನಿತ್ತು? ಓದೋಕೆ ಟೈಮಿಲ್ಲ.”

ಹೇಳಿದೆ. ಎರಡು ವಾಕ್ಯದಲ್ಲಿ ಮುಗಿದುಹೋಯಿತು. “ಓ, ಅಷ್ಟೇನಾ” ಅಂದು ನೋಟ್ಸಿಗೆ ಮರಳಿದಳು. ತಾಯಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, “ಆಗೆಲ್ಲಾ ಊಟಕ್ಕೆ ಕರೆದ್ರೂ ಪುಸ್ತಕ ಕೆಳಗಿಡ್ತಿರಲಿಲ್ಲ ಮೇಡಂ. ಯಾಕೋ ಬಿಟ್ಟೇಬಿಟ್ಲು” ಅಂದರು. ನನಗೆ ದಾರಿಯುದ್ದಕ್ಕೂ ಅಳು ಬಂತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಆ ಮಾತನ್ನು ಮುದುಕರಿಗೆ ಹೇಳುವುದು ಕೇಳಿದ್ದೆ, ಹದಿಮೂರು ವರ್ಷದವಳಿಗೂ ಒಪ್ಪುತ್ತದೆ ಎಂದು ಗೊತ್ತಿರಲಿಲ್ಲ.

ಒಂದು ಪುಸ್ತಕ ಸಿಗಲಿಲ್ಲವೆಂದು ಯಾರಾದರೂ ಓದುವುದನ್ನೇ ಬಿಡುತ್ತಾರೆಯೇ ಎಂದು ತಾವು ಕೇಳಬಹುದು. ನನಗೂ ಖಾತ್ರಿಯಿಲ್ಲ. ಆದರೆ ಆ ವಯಸ್ಸು ನಾಲ್ಕೇ ವರ್ಷ, ಮಾನ್ಯರೇ. ತಮ್ಮ ಕಡತಕ್ಕೂ ಹೆಚ್ಚುಕಡಿಮೆ ಅಷ್ಟೇ ಆಯುಸ್ಸು. ಕಡತದ ವೇಗ ಹೆಚ್ಚಿಸಲಾಗದಿದ್ದರೆ ಮಕ್ಕಳ ಬೆಳವಣಿಗೆಗಾದರೂ ಒಂದು ತಡೆಯಾಜ್ಞೆ ಹೊರಡಿಸಿ.

ಈಗ ಅವಳ ತಂಗಿ ಬರುತ್ತಿದ್ದಾಳೆ. ಅಕ್ಕನ ಹೆಸರಿಗೆ ತಕ್ಕಂತೆ ಇವಳು ನಮಗೆ ‘ಉಪಪ್ರಶ್ನೆ’. ಹತ್ತು ವರ್ಷ ಐದು ತಿಂಗಳು. ಕಳೆದ ಶನಿವಾರ ಇನ್ನೊಂದು ಹೊಸ ಕಾದಂಬರಿಯ ಮೊದಲ ಅಧ್ಯಾಯವನ್ನು, ನಿಯಮದಂತೆ, ಇವಳಿಗೆ ಓದಿದೆ. ರೈಲು ನಿಲ್ದಾಣದ ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಹುಡುಗಿಯೊಬ್ಬಳಿಗೆ ತನ್ನದೇ ಹೆಸರು ಬರೆದ ಪೆಟ್ಟಿಗೆ ಕಾಣುತ್ತದೆ. ಅವಳು ಚಿಲಕಕ್ಕೆ ಕೈ ಹಾಕುತ್ತಾಳೆ. ನಾನು ಪುಸ್ತಕ ಮುಚ್ಚಿದೆ. ಮಗು ನನ್ನ ಮುಖವನ್ನೇ ನೋಡಿ, “ನೀವು ಮೊದಲನೇದು ಮಾತ್ರ ಓದ್ತೀರಂತೆ, ಅಕ್ಕ ಹೇಳಿದ್ಲು. ನಿಜಾನಾ ಮಿಸ್?” ಅಂದಳು.

“ಮುಂದಿನ ಶನಿವಾರ ಬಾ ಪುಟ್ಟಾ, ನೋಡೋಣ” ಅಂದೆ.

ಕರೆದುಕೊಂಡು ಹೋಗಲು ಬಂದಿದ್ದ ತಾಯಿ ಮೆಲ್ಲಗೆ, “ಬೀಗದ ಕೈ ನಿಮ್ಮ ಹತ್ರಾನೇ ಇದೆಯಲ್ಲ ಮೇಡಂ” ಅಂದರು. ಇದೆ. ಪಕ್ಕದ ಶಾಖೆಯ ಗ್ರಂಥಪಾಲಕರು ಹಾಗೆ ಬೀಗ ತೆಗೆದು ಒಂದು ಮಗುವಿಗೆ ಓದಲು ಕೊಟ್ಟಿದ್ದರು. ಪುಟದ ಮೂಲೆ ಮಡಚಿದ ಗುರುತು ತಪಾಸಣೆಯಲ್ಲಿ ಸಿಕ್ಕಿ ಅಮಾನತಾದರು. ನನಗೆ ನಿವೃತ್ತಿಗೆ ಎರಡು ವರ್ಷ ಉಳಿದಿದೆ. ತಮ್ಮ ಮೇಲೆ ಇಷ್ಟೆಲ್ಲ ಕೂಗಾಡುವ ನಾನು ಹೆದರುಪುಕ್ಕಲಿ, ಸ್ವಾಮಿ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟೇ. ಒಪ್ಪಿಗೆ ಬರುವ ತನಕ ಮಾದರಿ ಪ್ರತಿಯನ್ನು ಮಗು ಗ್ರಂಥಾಲಯದಲ್ಲೇ ಕೂತು ಓದಬಹುದು ಎಂದು ಒಂದೇ ಒಂದು ಸಾಲಿನ ಆದೇಶ ಕಳಿಸಿ. ಈ ವಾರವೇ ಕಳಿಸಿ. ಕಳಿಸುವುದಿಲ್ಲವೆಂದು ನನಗೆ ಗೊತ್ತು. ಈ ಶನಿವಾರಕ್ಕೆ ರಜೆ ಹಾಕಿದ್ದೇನೆ. ಕಾರಣ ಎಂಬಲ್ಲಿ ಜ್ವರ ಎಂದು ಬರೆದಿದ್ದೇನೆ. ಜ್ವರವಿಲ್ಲ. ಆ ಮಗು ಮೆಟ್ಟಿಲ ಮೇಲೆ ಕಾಯುತ್ತಿರುತ್ತದೆ.

ಇಂತಿ,
ಮಕ್ಕಳಿಗೆ ಮುಖ ತೋರಿಸಲಾಗದ
ಮಕ್ಕಳ ಕೋಣೆಯ ಗ್ರಂಥಪಾಲಕಿ