ಸಿದ್ದುವಿನ ಸಲಾಮು

ಗಂಗಾವತಿ,
20 ಫೆಬ್ರುವರಿ 1941

ಪ್ರೀತಿಯ ಉಮಾಪತಿ ಅಣ್ಣನಿಗೆ ತಂಗಿ ಕಳಕಮ್ಮನ ನಮಸ್ಕಾರ.

ದೀಪಾವಳಿಯಿಂದ ನಿನಗೆ ಉತ್ತರ ಬರೆದಿಲ್ಲ, ಸಿಟ್ಟಾಗಬೇಡ. ನನ್ನ ಎಡಗಣ್ಣು ಬಾತು ಮುಚ್ಚಿಹೋಗಿದೆ. ಸಾಲು ಸೊಟ್ಟಗಾದರೆ ಹೊಂದಿಸಿಕೊಂಡು ಓದು. ಗದಗಿನ ನಿನ್ನ ಛಾಪಖಾನೆಗೆ ಇದಕ್ಕಿಂತ ಕೆಟ್ಟ ಕೈಬರಹ ಬರುತ್ತಿರಬೇಕು.

ನೀನು ಕಳಿಸಿದ ಕರಪತ್ರಗಳೆಲ್ಲ ಮುಟ್ಟಿದವು. ಮೂಢನಂಬಿಕೆಯ ಮೇಲಿನದನ್ನು ಬಾವಿಕಟ್ಟೆಯಲ್ಲಿ ಓಣಿಯ ಹೆಂಗಸರಿಗೆ ಓದಿ ಹೇಳಿದೆ. "ಯವ್ವಾ ಕಳಕವ್ವ, ಇದನ್ನ ಬರದಾವ ಒಮ್ಮೆರ ಕೂಸಿನ ಕುಂಡಿ ತೊಳದಾನೇನ?" ಎಂದು ಹುಲಗಮ್ಮ ಕೇಳಿದಳು. ಎಲ್ಲರೂ ನಕ್ಕರು. ನನಗೂ ನಗು ಬಂತು.

ಸಿದ್ದುವಿಗೆ ಈಗ ಹನ್ನೊಂದು ತಿಂಗಳು. ತೊಟ್ಟಿಲಿಗೆ ಹಾಕಿದ ದಿನ ನೀನು ನೋಡಿದ ಮಗುವಲ್ಲ ಅವನು. ಕತ್ತು ನಿಲ್ಲುವುದಿಲ್ಲ. ಕೂರಿಸಿದರೆ ಹಿಟ್ಟಿನ ಚೀಲದ ಹಾಗೆ ಒರಗುತ್ತಾನೆ. ಕರೆದರೆ ತಿರುಗುವುದಿಲ್ಲ. ದಸರೆಯ ಹೊತ್ತಿಗೆ ಒಂದು ಹೊಸದು ಶುರುವಾಯಿತು. ತಲೆ ತಟ್ಟನೆ ಮುಂದಕ್ಕೆ ಬಾಗುವುದು, ಎರಡೂ ಕೈ ಎದೆಯ ಮುಂದೆ ಬಂದು ಕೂಡುವುದು, ಸಡಿಲಾಗುವುದು, ಮತ್ತೆ ಬಾಗುವುದು. ನಮ್ಮ ಅತ್ತೆ ಪಾರ್ವತೆಮ್ಮ "ಕೂಸು ಶರಣು ಮಾಡತೈತಿ, ಸಾಮಾನ್ಯ ಜೀವ ಅಲ್ಲ ಇದು" ಎಂದು ಓಣಿಗೆಲ್ಲ ಸಾರಿದರು. ಜನ ತೆಂಗಿನಕಾಯಿ ಹಿಡಿದು ಬಂದರು. ನನ್ನ ಗಂಡ ಹಂಪಣ್ಣ (ಹೆಸರು ಬರೆದೆ, ನಾಲಿಗೆ ಉದುರಲಿಲ್ಲ) ಅವನನ್ನು ನಮ್ಮ ಅಂಗಡಿಗೆ ಎತ್ತಿಕೊಂಡು ಹೋಗಿ ಪೊಲೀಸ್ ಅಮೀನನಿಗೆ ತೋರಿಸಿದ.

"ನೋಡ್ರಿ ಸಾಹೇಬ್ರ, ಇನ್ನೂ ಮಲಿ ಬಿಟ್ಟಿಲ್ಲ, ಆಗಲೇ ಸಲಾಮ್ ಹೊಡಿತಾನ."

"ಶಾಭಾಸ್. ಸರ್ಕಾರಿ ನೌಕರಿ ಪಕ್ಕಾ ಆತು ಬಿಡ್ರಿ" ಎಂದನಂತೆ ಅಮೀನ.

ನಿಜಾಮನ ಪೊಲೀಸಿಗೆ ನನ್ನ ಮಗ ತಲೆಬಾಗಿದನೆಂದು ನಾನು ಆ ದಿನ ಉಣ್ಣಲಿಲ್ಲ, ಅಣ್ಣ.

ಒಂದು ಬೆಳಿಗ್ಗೆ ನಿದ್ದೆಯಿಂದೆದ್ದವನೇ ಖಾಲಿ ಗೋಡೆಗೆ ಅದೇ ಸಲಾಮು ಹೊಡೆದ. ಕಣ್ಣುಗುಡ್ಡೆ ಮೇಲೆ ಸಿಕ್ಕಿತ್ತು, ತುಟಿ ನೀಲಿಯಾಗಿತ್ತು. ಮುಗಿದ ಮೇಲೆ ಯಾರೋ ಹೊಡೆದ ಹಾಗೆ ಚೀರಿದ. ಇದು ಭಕ್ತಿಯಲ್ಲ, ಮೂರ್ಛೆ ರೋಗ, ಡಾಕ್ಟರಿಗೆ ತೋರಿಸೋಣ ಎಂದೆ. "ಓದಿದಾಕಿ ಬಾಯಾಗ ಹುಳ ಬೀಳಲಿ" ಎಂದರು ಅತ್ತೆ. ಆದರೆ ಕಳೆದ ಹುಣ್ಣಿಮೆಗೆ, ಬಂದ ಬೀಗರ ಮುಂದೆಯೇ, ಅವನು ಕಟ್ಟಿಗೆಯ ಹಾಗೆ ಸೆಟೆದು ನೊರೆ ಕಾರಿದ. ಕಾಯಿ ತಂದ ಜನರೇ ಗ್ರಹ ಬಡಿದಿದೆ ಎಂದರು.

ಮೂರು ದಿನದ ಹಿಂದೆ ನೀರು ಹೊತ್ತು ಬರುವಷ್ಟರಲ್ಲಿ ಮರಳಿ ಊರಿನ ಆಚೆಯಿಂದ ಹುಚ್ಚೀರಪ್ಪನೆಂಬವನನ್ನು ಕರೆಸಿದ್ದರು. ಮಕ್ಕಳಿಗೆ ಬರೆ ಹಾಕುವವನು. ಅತ್ತೆ ಭುಜ ಒತ್ತಿಹಿಡಿದಿದ್ದರು, ಮಗುವಿನ ಅಪ್ಪ ಕಾಲು ಹಿಡಿದಿದ್ದ. ಕೆಂಪಗೆ ಕಾದ ಕುಡುಗೋಲಿನ ತುದಿ ಸಿದ್ದುವಿನ ಹೊಟ್ಟೆಯ ಮೇಲಿತ್ತು. ವಾಸನೆ ಬಂತು. ನಾನು ಕೊಡ ಎಲ್ಲಿ ಇಟ್ಟೆನೋ ಗೊತ್ತಿಲ್ಲ, ಒನಕೆ ಕೈಗೆ ಬಂತು. ಹುಚ್ಚೀರಪ್ಪನ ಮಣಿಕಟ್ಟಿಗೆ ಹೊಡೆದೆ, ಎಲುಬು ಮುರಿದ ಸದ್ದು ಕೇಳಿತು. ಕೆಳಗೆ ಬಿದ್ದ ಕುಡುಗೋಲನ್ನು ಎತ್ತಿ ಅವನ ತೋಳಿಗೆ ಒತ್ತಿದೆ. ಹಂಪಣ್ಣ ನನ್ನ ಮುಖಕ್ಕೆ ಗುದ್ದಿದ. ನಾನು ಅವನ ಕೈ ಕಚ್ಚಿದೆ, ರಕ್ತ ಬರುವವರೆಗೂ ಬಿಡಲಿಲ್ಲ.

ಹುಚ್ಚೀರಪ್ಪ ಮುರಿದ ಕೈ ಮಡಿಲಲ್ಲಿಟ್ಟುಕೊಂಡು, "ತಾಯಿ, ನನ್ನ ಮಗಗೂ ಇದನ್ನ ಮಾಡೀನಿ, ಮೋಸಗಾರ ಅಲ್ಲ ನಾನು" ಎಂದ.

"ಬದುಕ್ಯಾನೇನ ನಿನ್ನ ಮಗ?"

ಅವನು ಕುಡುಗೋಲನ್ನೂ ಬಿಟ್ಟು ಎದ್ದು ಹೋದ.

ಆ ದಿನವಿಡೀ ಸಿದ್ದುವಿಗೆ ಸಲಾಮು ಬರಲಿಲ್ಲ. ಬರೆಯಿಂದಲೇ ನಿಂತಿತು ಎಂದು ಮನೆಯೆಲ್ಲ ಹೇಳಿತು. ಮರುದಿನ ಮತ್ತೆ ಬಂತು. ಅದಕ್ಕೆ, ಕೆಲಸ ಅರ್ಧಕ್ಕೇ ಬಿಡಿಸಿದ ನಾನೇ ಕಾರಣವಂತೆ. ಬರುವ ಅಮಾವಾಸ್ಯೆಗೆ ಬೇರೊಬ್ಬನನ್ನು ಗೊತ್ತುಮಾಡಿದ್ದಾರೆ. ಆ ದಿನ ನನ್ನನ್ನು ಕೋಣೆಗೆ ಹಾಕಿ ಚಿಲಕ ಹಾಕುತ್ತಾರೆ.

ಸೋಮವಾರ ನಸುಕಿನಲ್ಲಿ ನಮ್ಮ ಓಣಿಯ ದಾದೇಸಾಬನ ಎತ್ತಿನ ಗಾಡಿಯಲ್ಲಿ ಕೊಪ್ಪಳಕ್ಕೆ, ಅಲ್ಲಿಂದ ರೈಲಿನಲ್ಲಿ ಗದಗಿಗೆ ಬರುತ್ತೇನೆ. ಸಿದ್ದುವನ್ನು ನೋಡುವ ಡಾಕ್ಟರನ್ನು ಹುಡುಕಿಡು. ಗಂಡನ ಮನೆ ಬಿಟ್ಟು ಬಂದವಳೆಂದು ಅತ್ತಿಗೆ ಬೇಸರಪಟ್ಟರೆ ನಿನ್ನ ಛಾಪಖಾನೆಯ ಜಗಲಿ ಸಾಕು. ಈ ಪತ್ರ ನಿನಗೆ ಸೇರಿದರೂ ಸೇರದಿದ್ದರೂ ಬರುತ್ತೇನೆ.

ನಿನ್ನ ಮಕ್ಕಳು ಓಡಾಡಿಕೊಂಡು, ಬಿದ್ದು, ಎದ್ದು, ನೂರು ವರ್ಷ ಬಾಳಲಿ. ಅತ್ತಿಗೆಗೆ ನಮಸ್ಕಾರ.

ನಿನ್ನ ತಂಗಿ,
ಕಳಕಮ್ಮ

ತಾ. ಕ. ಒಂದು ಮಾತು ಮೇಲೆ ಬರೆಯಲಾಗಲಿಲ್ಲ. ಕುಡುಗೋಲು ಚರ್ಮಕ್ಕೆ ತಾಗಿದಾಗ ನಾನು ಕೂಗಿದೆ. ಸಿದ್ದು ಕತ್ತು ತಿರುಗಿಸಿ ನನ್ನನ್ನು ನೋಡಿದ. ಸುಮ್ಮನೆ ಕಣ್ಣು ಹೊರಳಿಸಿದ್ದಲ್ಲ, ಇವಳು ನನ್ನವ್ವ ಎಂದು ಗುರುತು ಹಿಡಿದು ನೋಡಿದ. ಹುಟ್ಟಿದ ಮೇಲೆ ಅದೊಂದೇ ಸಲ. ಆಮೇಲೆ ಎಷ್ಟು ಕರೆದರೂ ನೋಡಿಲ್ಲ. ನಿನ್ನೆ ರೊಟ್ಟಿ ಸುಡುವಾಗ ಚಿಮಟ ಒಲೆಯಲ್ಲೇ ಉಳಿದು ಕೆಂಪಗಾಗಿತ್ತು. ಅವನು ನನ್ನ ತೊಡೆಯ ಮೇಲಿದ್ದ. ಇನ್ನೊಮ್ಮೆ ನನ್ನನ್ನು ನೋಡುತ್ತಾನೇನೋ ಎಂದು ನಾನು ಅದನ್ನು ಕೈಗೆ ತೆಗೆದುಕೊಂಡೆ, ಅಣ್ಣ. ತಪ್ಪದೆ ಸ್ಟೇಷನ್ನಿಗೆ ಬಾ. ರೈಲು ನಿಂತ ಕೂಡಲೇ ಮಗುವನ್ನು ನನ್ನ ಕೈಯಿಂದ ತೆಗೆದುಕೋ.