ಮುಧೋಳಕ್ಕೆ ದಾಟದ ಹುಕುಂ

ಬನಹಟ್ಟಿ, ಏಪ್ರಿಲ್ ೧೯೪೮

ಮುಧೋಳದ ಬಟ್ಟೆ ವ್ಯಾಪಾರಿ ಆದಿನಾಥ ಅವರಿಗೆ ಅಕ್ಕವ್ವ ಬರೆಯುವುದು.

ಹನ್ನೊಂದು ವರ್ಷಗಳಲ್ಲಿ ಇದು ನನ್ನ ಮೊದಲ ಕಾಗದ. ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟು ಯಾವಾಗ ಹೋಯಿತೋ ನನಗೇ ತಿಳಿಯದು.

ಜಮಖಂಡಿಯಲ್ಲಿ ಪಂಚರ ಎದುರು ನೀವು ನನಗೆ ಮದುವೆಯ ಬಿಡುಗಡೆ ಪತ್ರ ಬರೆದುಕೊಟ್ಟಾಗ ಮಗಳು ಹೀರಾಗೆ ನಾಲ್ಕು ವರ್ಷ. ಅವಳನ್ನು ಸಾಕಲು ತಿಂಗಳಿಗೆ ಐದು ರೂಪಾಯಿ ಪೋಟಗಿ ಕೊಡಬೇಕೆಂದು ಅಲ್ಲಿನ ಕೋರ್ಟು ಹುಕುಂ ಮಾಡಿತು. ಎರಡು ತಿಂಗಳು ಕೊಟ್ಟಿರಿ. ಮೂರನೆಯ ತಿಂಗಳು ಅಂಗಡಿ ಎತ್ತಿಕೊಂಡು ಮುಧೋಳಕ್ಕೆ ಹೋದಿರಿ.

ಮಗುವನ್ನು ಕರೆದುಕೊಂಡು ಬಂಡಿಯಲ್ಲಿ ಅಲ್ಲಿಗೂ ಬಂದೆ. ಮುಧೋಳದ ಕೋರ್ಟಿನವರು ಕಾಗದವನ್ನು ಎರಡು ಸಲ ಓದಿ ಮರಳಿಸಿದರು. "ಇದು ಬ್ಯಾರೆ ಸಂಸ್ಥಾನದ ಹುಕುಂ, ತಂಗಿ. ಇಲ್ಲಿ ನಡೆಯೂದಿಲ್ಲ." ಕೆಟ್ಟವರಲ್ಲ ಅವರು, ಹೀರಾಗೆ ಕುಡಿಯಲು ನೀರು ಕೊಡಿಸಿದರು.

ಅಲ್ಲಿಂದ ನೇರ ನಿಮ್ಮ ಅಂಗಡಿಗೆ ಬಂದೆವು. ನಿಮ್ಮ ಎರಡನೆಯ ಹೆಂಡತಿಯ ತಂದೆ ಗಾದಿಯ ಮೇಲೆ ಕೂತಿದ್ದರು. ಅವರ ಮುಂದೆ ನೀವು, "ಈ ಕೂಸು ಯಾರದೋ ನನಗ ಗೊತ್ತಿಲ್ಲ. ಆ ಕಾಗದ ಜಮಖಂಡಿಯೊಳಗ ಇಟ್ಕೋ, ಇದು ಮುಧೋಳ," ಎಂದಿರಿ. ಹೀರಾ ಬಣ್ಣಬಣ್ಣದ ಬಟ್ಟೆಗಳನ್ನೇ ನೋಡುತ್ತ ನಿಂತಿದ್ದಳು. ಅಳಲಿಲ್ಲ. ನಾನೂ ಅಳಲಿಲ್ಲ. ಆಮೇಲೆ ಯಾವತ್ತೂ ನನಗೆ ಅಳು ಬಂದಿಲ್ಲ.

ಬನಹಟ್ಟಿಗೆ ಬಂದು ಮಗ್ಗದವರಿಗೆ ನೂಲು ಸುತ್ತಿದೆ. ಒಂಬತ್ತನೆಯ ವರ್ಷಕ್ಕೆ ಹೀರಾಳೂ ಶಾಲೆ ಬಿಟ್ಟು ನನ್ನ ಪಕ್ಕದಲ್ಲಿ ಕೂತಳು.

ಕಳೆದ ತಿಂಗಳು ಈ ಕಡೆಯ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದವು. ವಕೀಲ ನೀಲಕಂಠರಾಯರು ಮನೆಗೇ ಬಂದು, "ಅಕ್ಕವ್ವಾ, ಈಗ ನಡುವ ಗಡಿ ಇಲ್ಲ. ನಿಮ್ಮ ಹುಕುಂ ಮುಧೋಳದಾಗೂ ನಡೀತೈತ್ರಿ," ಎಂದರು. ಸಂತೋಷವಾದೀತೆಂದು ಕಾದೆ. ಏನೂ ಆಗಲಿಲ್ಲ. ಉಳಿದ ರೊಟ್ಟಿ ಬಡಿದು ಮುಗಿಸಿದೆ.

ಹೀರಾ, "ಬಿಡಬೇ ಯವ್ವಾ, ಅವರ ರೊಕ್ಕ ನನಗ ಬ್ಯಾಡ," ಎಂದಳು. ಅವಳಿಗೀಗ ಮದುವೆಯ ಮಾತು ನಡೆದಿದೆ. ನೋಡಲು ಬಂದವರು ತಂದೆ ಯಾರೆಂದು ಕೇಳಿದಾಗ ನೆಲ ನೋಡುತ್ತ ಕೂತಿದ್ದಳು. ಬಾಕಿ ಬಂದರೂ ಬಾರದಿದ್ದರೂ ನನಗೆ ಒಂದೇ. ಆದರೆ ಅವಳು ನಿಮ್ಮ ಮಗಳೆಂದು ಹೇಳುವ ಕಾಗದ ಆ ಹುಕುಂ ಒಂದೇ. ನಿನ್ನೆ ಜಾರಿಯ ಅರ್ಜಿಗೆ ಸಹಿ ಹಾಕಿದೆ.

ಕೋರ್ಟಿನ ಬೇಲೀಫ ನಿಮ್ಮ ಅಂಗಡಿಯ ಮುಂದೆ ನಿಂತು ಆ ಹುಕುಂ ಗಟ್ಟಿಯಾಗಿ ಓದುತ್ತಾನೆ. ಬಜಾರದ ಮಂದಿ ಕೂಡುತ್ತಾರೆ. "ಆದಿನಾಥನ ಮಗಳು ಹೀರಾ" ಎಂಬಲ್ಲಿಯವರೆಗಾದರೂ ಒಳಗೆ ಹೋಗದೆ ನಿಂತು ಕೇಳಿ.

ನಿಮ್ಮ ಮನೆಯವರೆಲ್ಲ ಸುಖವಾಗಿರಲಿ. ಇನ್ನು ನಾನು ಬರೆಯುವುದಿಲ್ಲ.

ಹೀರಾಳ ತಾಯಿ,
ಅಕ್ಕವ್ವ